ಪೇಪರ್ ಓದೋದು ಹೇಗೆ ಮೇಡಂ?

ನಮ್ಮ ಕಡೆ ‘ಪೇಪರ್ ಓದಿದ್ಯಾ?’ ಎಂದು ಯಾರಾದರೂ ಕೇಳಿದರೆ ದಿನಪತ್ರಿಕೆ ಓದಿದೆಯಾ ಎಂದೇ ಅರ್ಥ. ಎಂಜಿನಿಯರಿಂಗ್ ಸೇರಿ ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಅದೇ ಮಾತಿಗೆ ಇನ್ನೊಂದು ಅರ್ಥ ಹುಟ್ಟುತ್ತದೆ. ಪ್ರಾಜೆಕ್ಟ್ ಗೈಡ್ ಕೇಳುವ ಮೊದಲ ಪ್ರಶ್ನೆಯೇ ‘ಬೇಸ್ ಪೇಪರ್ ಯಾವುದು?’ ಎಂಬುದು. ಅಲ್ಲಿಂದ ಓಟ ಶುರು. ಗೂಗಲ್‌ನಲ್ಲಿ ಮೊದಲಿಗೆ ಸಿಕ್ಕ ಪಿಡಿಎಫ್ ‘ಬೇಸ್ ಪೇಪರ್’ ಆಗುತ್ತದೆ. ಇನ್ನೂ ಹತ್ತು ಪ್ರಬಂಧಗಳ ಸಾರಾಂಶ ಒಂದು ಕೋಷ್ಟಕದಲ್ಲಿ ಕುಳಿತು ‘ಲಿಟರೇಚರ್ ಸರ್ವೆ’ ಎನಿಸಿಕೊಳ್ಳುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಆಗುವ ಹೊತ್ತಿಗೂ ಆ ಹನ್ನೊಂದರಲ್ಲಿ ಒಂದನ್ನಾದರೂ ಪೂರ್ತಿ ಓದಿದವರು ತಂಡದಲ್ಲಿ ಇರುವುದಿಲ್ಲ.

ಇದನ್ನು ಸೋಮಾರಿತನ ಎಂದು ಬೈದು ಮುಗಿಸುವುದು ಸುಲಭ. ಆದರೆ ನಾನು ಕಂಡಂತೆ ಕಾರಣ ಬೇರೆ. ಸಂಶೋಧನಾ ಪ್ರಬಂಧವನ್ನು ಹೇಗೆ ಓದಬೇಕೆಂದು ಈ ಮಕ್ಕಳಿಗೆ ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ. ಪಠ್ಯಪುಸ್ತಕವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಅಭ್ಯಾಸವಾದವರು ಇದನ್ನೂ ಹಾಗೆಯೇ ಹಿಡಿಯುತ್ತಾರೆ. ಎರಡನೇ ಪ್ಯಾರಾದಲ್ಲೇ ಸುಸ್ತು. ‘ಮೇಡಂ, ಓದ್ತಾ ಓದ್ತಾ ನಿದ್ದೆ ಬಂದ್ಬುಡ್ತದೆ’ ಎಂದು ಮಳವಳ್ಳಿ ಕಡೆಯ ಹುಡುಗನೊಬ್ಬ ಸಂಕೋಚವಿಲ್ಲದೆ ಹೇಳಿದ್ದ. ಅವನು ಹೇಳಿದ್ದು ತರಗತಿಯ ಬಹುಪಾಲು ಮಂದಿಯ ಮಾತನ್ನೇ.

ವಿಟಿಯು ಪಠ್ಯಕ್ರಮದ ಐದನೇ ಸೆಮಿಸ್ಟರ್‌ನಲ್ಲಿ ಸಂಶೋಧನಾ ವಿಧಾನ ಮತ್ತು ಬೌದ್ಧಿಕ ಆಸ್ತಿ ಹಕ್ಕುಗಳು ಎಂಬ ವಿಷಯವೇ ಇದೆ. ಅದು ಒಳ್ಳೆಯದೇ. ಆದರೆ ಈಜುವುದರ ವ್ಯಾಖ್ಯಾನ ಬರೆದವರೆಲ್ಲ ನಾಲೆಗೆ ಇಳಿದು ಈಜಲಾರರು. ಪ್ರಬಂಧ ಓದುವುದೂ ಹಾಗೆಯೇ. ಒಂದು ಪ್ರಬಂಧವನ್ನು ಎದುರಿಗಿಟ್ಟುಕೊಂಡು, ಪೆನ್ಸಿಲ್ ಹಿಡಿದು, ತಡವರಿಸುತ್ತಲೇ ಕಲಿಯಬೇಕಾದ ಕೆಲಸ ಅದು.

ಎಲೆಯ ಮೇಲಿನ ಶೇ 99

ಒಂದು ನಿಜವಾದ ಪ್ರಬಂಧವನ್ನೇ ತೆಗೆದುಕೊಳ್ಳೋಣ. ಮಂಡ್ಯ ಜಿಲ್ಲೆ ಎಂದರೆ ಕಬ್ಬು, ಭತ್ತ, ತೆಂಗು, ಹಿಪ್ಪುನೇರಳೆ. ಹಾಗಾಗಿ ಇಲ್ಲಿನ ಹುಡುಗ ಹುಡುಗಿಯರಿಗೆ ಪ್ರಾಜೆಕ್ಟ್ ಎಂದ ಕೂಡಲೇ ಹೊಳೆಯುವುದು ‘ಎಲೆಯ ಫೋಟೊ ನೋಡಿ ರೋಗ ಪತ್ತೆ ಹಚ್ಚುವ ಆ್ಯಪ್’. ಅಪ್ಪನ ಗದ್ದೆಗೆ ಉಪಯೋಗವಾಗುವಂಥದ್ದನ್ನು ಮಾಡಬೇಕೆಂಬ ಆಸೆ ಅದು. ಆಸೆ ದೊಡ್ಡದು, ಒಳ್ಳೆಯದು.

ಈ ವಿಷಯದಲ್ಲಿ ಜಗತ್ತಿನಾದ್ಯಂತ ಉಲ್ಲೇಖವಾಗುವ ಪ್ರಬಂಧ 2016ರಲ್ಲಿ ‘ಫ್ರಂಟಿಯರ್ಸ್ ಇನ್ ಪ್ಲಾಂಟ್ ಸೈನ್ಸ್’ ಎಂಬ ನಿಯತಕಾಲಿಕದಲ್ಲಿ ಬಂತು. ಬರೆದವರು ಮೊಹಂತಿ, ಹ್ಯೂಸ್ ಮತ್ತು ಸಲಾತೆ. ‘ಪ್ಲಾಂಟ್‌ವಿಲೇಜ್’ ಸಂಗ್ರಹದ 54,306 ಎಲೆ ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸಿ, 14 ಬೆಳೆಗಳ 26 ರೋಗಗಳನ್ನು ಗುರುತಿಸಲು ಕಲಿಸಿದ್ದಾರೆ. ನಿಖರತೆ ಶೇ 99.35. ಸಾರಾಂಶದಲ್ಲಿ ಕಣ್ಣಿಗೆ ಹೊಡೆಯುವುದು ಈ ಸಂಖ್ಯೆ. ನಮ್ಮ ಪ್ರಾಜೆಕ್ಟ್ ವರದಿಗಳಿಗೂ ಅದು ಹಾಗೆಯೇ ಇಳಿದು ಬರುತ್ತದೆ. ‘ಈಗಾಗಲೇ ಶೇ 99 ಸಾಧಿಸಿದ್ದಾರೆ, ನಾವು ಅದನ್ನು ಆ್ಯಪ್ ಮಾಡುತ್ತಿದ್ದೇವೆ.’

ಆದರೆ ಅದೇ ಪ್ರಬಂಧವನ್ನು ಇನ್ನಷ್ಟು ಓದಿದರೆ ಮತ್ತೊಂದು ಸಂಖ್ಯೆ ಸಿಗುತ್ತದೆ. ತರಬೇತಿಗೆ ಬಳಸಿದ ಚಿತ್ರಗಳಿಗಿಂತ ಭಿನ್ನವಾದ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ನಿಖರತೆ ಸುಮಾರು ಶೇ 31ಕ್ಕೆ ಕುಸಿಯಿತು. ಇದನ್ನು ಬೇರೆ ಯಾರೋ ಪತ್ತೆ ಹಚ್ಚಿ ದೂರಿದ್ದಲ್ಲ. ಲೇಖಕರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಏಕೆ ಹೀಗಾಯಿತು? ಸಂಗ್ರಹದ ಚಿತ್ರಗಳಲ್ಲಿ ಒಂದೊಂದೇ ಎಲೆಯನ್ನು ಕಿತ್ತು, ಸಾದಾ ಹಿನ್ನೆಲೆಯ ಮೇಲಿಟ್ಟು ಫೋಟೊ ತೆಗೆಯಲಾಗಿದೆ. ಮದ್ದೂರಿನ ತೆಂಗಿನ ತೋಟದಲ್ಲಾಗಲಿ ಕಬ್ಬಿನ ಗದ್ದೆಯಲ್ಲಾಗಲಿ ಎಲೆ ಹಾಗೆ ಒಂಟಿಯಾಗಿ ಪೋಸು ಕೊಡುವುದಿಲ್ಲ. ನೆರಳಿರುತ್ತದೆ, ಕೆಸರಿರುತ್ತದೆ, ಹಿಂದೆ ಇನ್ನೂ ನೂರು ಎಲೆಗಳಿರುತ್ತವೆ.

2022ರಲ್ಲಿ ನೋಯಾನ್ ಎಂಬ ಸಂಶೋಧಕ ಇದೇ ಸಂಗ್ರಹವನ್ನು ಇನ್ನೂ ಕೆದಕಿದರು. ಎಲೆಯನ್ನು ಬಿಟ್ಟು, ಹಿನ್ನೆಲೆಯ ಬರೀ 8 ಪಿಕ್ಸೆಲ್‌ಗಳನ್ನು ಕಂಪ್ಯೂಟರಿಗೆ ಕೊಟ್ಟರು. ಆಗಲೂ ಅದು ಶೇ 49ರಷ್ಟು ಸರಿ ಉತ್ತರ ಹೇಳಿತು! ಒಟ್ಟು 38 ವರ್ಗಗಳಿರುವುದರಿಂದ ಕಣ್ಣು ಮುಚ್ಚಿ ಊಹಿಸಿದರೆ ಶೇ 2.6ರಷ್ಟು ಮಾತ್ರ ಸರಿಯಾಗಬೇಕಿತ್ತು. ಅಂದರೆ ಕಂಪ್ಯೂಟರ್ ರೋಗವನ್ನಷ್ಟೇ ಕಲಿಯುತ್ತಿರಲಿಲ್ಲ. ಯಾವ ರೋಗದ ಎಲೆಯನ್ನು ಎಂಥ ಬೆಳಕಿನಲ್ಲಿ, ಎಂಥ ಹಿನ್ನೆಲೆಯ ಮೇಲಿಟ್ಟು ಫೋಟೊ ತೆಗೆದಿದ್ದರು ಎಂಬುದನ್ನೂ ಕಲಿಯಲು ಅಲ್ಲಿ ಅವಕಾಶವಿತ್ತು.

ಇನ್ನೊಂದು ಸಂಗತಿಗೆ ಪ್ರಬಂಧದಲ್ಲಿರುವ ಬೆಳೆಗಳ ಪಟ್ಟಿ ನೋಡಿದರೆ ಸಾಕು. ಸೇಬು, ದ್ರಾಕ್ಷಿ, ಚೆರ್ರಿ, ಸ್ಟ್ರಾಬೆರಿ, ಟೊಮೆಟೊ, ಆಲೂಗಡ್ಡೆ, ಮುಸುಕಿನ ಜೋಳ ಇವೆ. ಕಬ್ಬು ಇಲ್ಲ, ಭತ್ತ ಇಲ್ಲ, ತೆಂಗು ಇಲ್ಲ, ಹಿಪ್ಪುನೇರಳೆ ಇಲ್ಲ. ಕಬ್ಬಿನ ಕೆಂಪು ಕೊಳೆ ರೋಗಕ್ಕೂ ಭತ್ತದ ಬೆಂಕಿ ರೋಗಕ್ಕೂ ಈ ಸಂಗ್ರಹದಲ್ಲಿ ಜಾಗವೇ ಇಲ್ಲ. ಮಂಡ್ಯದ ರೈತನ ಹೆಸರಿನಲ್ಲಿ ಮಾಡುವ ಪ್ರಾಜೆಕ್ಟಿಗೆ ಇದಕ್ಕಿಂತ ಮುಖ್ಯವಾದ ಮಾಹಿತಿ ಯಾವುದಿದೆ? ಇದನ್ನು ಗಮನಿಸಿದ ತಂಡದ ಪ್ರಾಜೆಕ್ಟ್ ಬದಲಾಗುತ್ತದೆ. ‘ನಾವೂ ಶೇ 99 ತಂದೆವು’ ಎನ್ನುವ ಬದಲು ‘ನಮ್ಮ ಊರಿನ ಗದ್ದೆಯಲ್ಲಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆದ 500 ಚಿತ್ರಗಳಲ್ಲಿ ಇದು ಎಷ್ಟು ನಿಲ್ಲುತ್ತದೆ?’ ಎಂದು ಕೇಳಬಹುದು. ಉತ್ತರ ಶೇ 40 ಬಂದರೂ ಅದು ನಿಮ್ಮದೇ ಉತ್ತರ. ಆ್ಯಪ್ ತಪ್ಪು ರೋಗ ಹೇಳಿದರೆ ತಪ್ಪು ಔಷಧಿಗೆ ದುಡ್ಡು ಸುರಿಯುವವನು ರೈತ. ಓದದೆ ಬಿಟ್ಟ ಒಂದು ಪ್ಯಾರಾದ ಬೆಲೆ ಅಷ್ಟಿದೆ.

ಮೂರು ಸುತ್ತಿನ ಓದು

ಹಾಗಾದರೆ ಓದುವುದು ಹೇಗೆ? ಎಸ್. ಕೇಶವ್ ಎಂಬ ಭಾರತ ಮೂಲದ ಕಂಪ್ಯೂಟರ್ ವಿಜ್ಞಾನಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿದ್ದಾಗ, 2007ರಲ್ಲಿ, ‘ಪ್ರಬಂಧ ಓದುವುದು ಹೇಗೆ’ ಎಂಬ ಪುಟ್ಟ ಬರಹ ಪ್ರಕಟಿಸಿದರು. ಎರಡೇ ಪುಟ. ಲೋಕದ ಎಲ್ಲ ಕಡೆ ಪಿಎಚ್‌.ಡಿ ವಿದ್ಯಾರ್ಥಿಗಳು ಇಂದಿಗೂ ಅದನ್ನೇ ಮೊದಲು ಓದುತ್ತಾರೆ. ಅವರು ಹೇಳುವುದು ಇಷ್ಟೇ: ಒಂದೇ ಉಸಿರಿನಲ್ಲಿ ಓದಬೇಡಿ, ಮೂರು ಸುತ್ತು ಓದಿ.

ಮೊದಲ ಸುತ್ತಿಗೆ ಐದರಿಂದ ಹತ್ತು ನಿಮಿಷ ಸಾಕು. ಶೀರ್ಷಿಕೆ, ಸಾರಾಂಶ, ಪೀಠಿಕೆ ಓದಿ. ಒಳಗಿನ ಉಪಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ. ನೇರವಾಗಿ ಕೊನೆಗೆ ಹಾರಿ ಉಪಸಂಹಾರ ಓದಿ. ಉಲ್ಲೇಖಗಳ ಪಟ್ಟಿಯಲ್ಲಿ ನೀವು ಈಗಾಗಲೇ ನೋಡಿದವು ಇವೆಯೇ ಗಮನಿಸಿ. ಇಷ್ಟಾದ ಮೇಲೆ ಐದು ಪ್ರಶ್ನೆಗಳಿಗೆ ಉತ್ತರ ಹೇಳಲು ಬರಬೇಕು. ಇದು ಯಾವ ಬಗೆಯ ಪ್ರಬಂಧ? ಇದು ಯಾವ ಹಳೆಯ ಕೆಲಸಗಳ ಮುಂದುವರಿಕೆ? ಲೇಖಕರು ಹಿಡಿದ ಊಹೆಗಳು ಸರಿಯಾಗಿ ಕಾಣುತ್ತವೆಯೇ? ಇದರ ಹೊಸ ಕೊಡುಗೆ ಏನು? ಬರವಣಿಗೆ ಸ್ಪಷ್ಟವಾಗಿದೆಯೇ? ಇಲ್ಲಿಗೇ ‘ಇದು ನನಗೆ ಬೇಡ’ ಎನಿಸಿದರೆ ಪಕ್ಕಕ್ಕಿಡಿ. ಬೇಡದ್ದನ್ನು ಹತ್ತು ನಿಮಿಷದಲ್ಲಿ ಬಿಡುವುದೂ ಓದಿನ ಭಾಗವೇ. ಇದನ್ನು ಕೇಳಿದಾಗ ವಿದ್ಯಾರ್ಥಿಗಳ ಮುಖದಲ್ಲಿ ಕಾಣುವ ನಿರಾಳವೇ ಬೇರೆ.

ಎರಡನೇ ಸುತ್ತಿಗೆ ಒಂದು ಗಂಟೆಯವರೆಗೆ ಕೊಡಿ. ಈಗ ಚಿತ್ರ, ಗ್ರಾಫ್, ಕೋಷ್ಟಕಗಳೇ ಮುಖ್ಯ. ಗ್ರಾಫಿನ ಅಡ್ಡ ರೇಖೆ ಯಾವುದು, ನೆಟ್ಟ ರೇಖೆ ಯಾವುದು, ಏಕಮಾನ ಏನು? ನೆಟ್ಟ ರೇಖೆ ಸೊನ್ನೆಯಿಂದ ಶುರುವಾಗಿದೆಯೋ ಅಥವಾ 95ರಿಂದಲೋ? 95ರಿಂದ ಶುರುವಾಗಿದ್ದರೆ ಅರ್ಧ ಅಂಕದ ವ್ಯತ್ಯಾಸವೂ ಬೆಟ್ಟದಂತೆ ಕಾಣುತ್ತದೆ. ಪ್ರಯೋಗವನ್ನು ಎಷ್ಟು ಸಲ ಮಾಡಿದ್ದಾರೆ, ದೋಷದ ಮಿತಿಯನ್ನು ತೋರಿಸಿದ್ದಾರೆಯೇ ನೋಡಿ. ಕಠಿಣ ಸೂತ್ರಗಳ ಸಾಧನೆಯನ್ನು ಈಗ ದಾಟಿ ಹೋದರೂ ಪರವಾಗಿಲ್ಲ. ಸುತ್ತು ಮುಗಿದಾಗ ಪ್ರಬಂಧದ ತಿರುಳನ್ನು ಸಾಕ್ಷ್ಯಸಮೇತ ಗೆಳೆಯರಿಗೆ ಹೇಳಲು ಬಂದರೆ ಸಾಕು.

ಮೂರನೇ ಸುತ್ತು ಬೇಸ್ ಪೇಪರಿಗೆ ಮಾತ್ರ. ಹೊಸಬರಿಗೆ ನಾಲ್ಕೈದು ಗಂಟೆ ಬೇಕಾಗುತ್ತದೆ ಎನ್ನುತ್ತಾರೆ ಕೇಶವ್. ಲೇಖಕರ ಜಾಗದಲ್ಲಿ ನೀವೇ ನಿಂತು ಇಡೀ ಕೆಲಸವನ್ನು ಮನಸ್ಸಿನಲ್ಲೋ ಕಾಗದದ ಮೇಲೋ ಮತ್ತೆ ಮಾಡಿ ನೋಡುವುದು ಈ ಸುತ್ತು. ‘ಇಲ್ಲಿ ಇದನ್ನೇ ಏಕೆ ಬಳಸಿದರು? ನಾನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಪ್ರತಿ ಹೆಜ್ಜೆಗೂ ಕೇಳಿಕೊಳ್ಳಬೇಕು. ಪ್ರಬಂಧದಲ್ಲಿ ಬರೆಯದೇ ಬಿಟ್ಟದ್ದು ಕಣ್ಣಿಗೆ ಬೀಳುವುದು ಈಗಲೇ. ನಿಮ್ಮ ಪ್ರಾಜೆಕ್ಟಿಗೆ ಬೇಕಾದ ಹೊಸ ವಿಚಾರ ಹೆಚ್ಚಾಗಿ ಆ ಖಾಲಿ ಜಾಗದಲ್ಲೇ ಇರುತ್ತದೆ.

ಈ ಕೊನೆಯ ಮಾತಿಗೆ ಪುಷ್ಟಿ ಕೊಡುವ ಇನ್ನೊಂದು ಪ್ರಯತ್ನವೂ ಇದೆ. ನ್ಯೂಯಾರ್ಕಿನ ಸಿಟಿ ಕಾಲೇಜಿನ ಸ್ಯಾಲಿ ಹಾಸ್ಕಿನ್ಸ್ ಪದವಿ ವಿದ್ಯಾರ್ಥಿಗಳಿಗಾಗಿ ‘ಕ್ರಿಯೇಟ್’ ಎಂಬ ಬೋಧನಾ ವಿಧಾನವನ್ನು ರೂಪಿಸಿ 2007ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅದರಲ್ಲಿ ವಿದ್ಯಾರ್ಥಿಗಳು ಪ್ರಯೋಗದ ಚಿತ್ರವನ್ನು ಕೈಯಾರೆ ಬರೆಯುತ್ತಾರೆ, ಫಲಿತಾಂಶವನ್ನು ತಾವೇ ವಿಶ್ಲೇಷಿಸುತ್ತಾರೆ. ಕೊನೆಗೆ ‘ಮುಂದಿನ ಪ್ರಯೋಗ ಏನಿರಬೇಕು?’ ಎಂದು ತಾವೇ ಯೋಚಿಸುತ್ತಾರೆ. ಇದಕ್ಕೆ ದುಬಾರಿ ಲ್ಯಾಬ್ ಬೇಡ, ಪ್ರೊಜೆಕ್ಟರೂ ಬೇಡ. ಕಪ್ಪುಹಲಗೆ, ಸೀಮೆಸುಣ್ಣ ಮತ್ತು ಪ್ರಬಂಧದ ನಾಲ್ಕು ಜೆರಾಕ್ಸ್ ಪ್ರತಿ ಇದ್ದರೆ ನಮ್ಮ ಯಾವ ಕಾಲೇಜಿನಲ್ಲೂ ನಡೆಯುತ್ತದೆ.

ಇಂಗ್ಲಿಷಿನ ಗುಮ್ಮ

‘ಮೇಡಂ, ನಮ್ಮದು ಕನ್ನಡ ಮೀಡಿಯಂ’ ಎಂಬುದು ಅನೇಕರ ಅಳುಕು. ಒಂದು ಸಮಾಧಾನದ ಮಾತು: ಸಂಶೋಧನಾ ಪ್ರಬಂಧದ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷಿಗಿಂತ ಸುಲಭ. ಅಲಂಕಾರವಿಲ್ಲ, ಗಾದೆಯಿಲ್ಲ. ಅವೇ ನೂರಿನ್ನೂರು ಪದಗಳು ಪ್ರತಿ ಪ್ರಬಂಧದಲ್ಲೂ ತಿರುತಿರುಗಿ ಬರುತ್ತವೆ. ಮನೆಯ ನಕ್ಷೆಯೂ ಒಂದೇ: ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಯಾವ ಕೋಣೆಯಲ್ಲಿ ಏನಿರುತ್ತದೆ ಎಂದು ಒಮ್ಮೆ ತಿಳಿದರೆ ಕತ್ತಲಲ್ಲೂ ಓಡಾಡಬಹುದು.

ನಿಜವಾಗಿ ಎಡವುವುದು ಕಠಿಣ ಪದಗಳಲ್ಲಲ್ಲ, ಸಣ್ಣ ಪದಗಳಲ್ಲಿ. ‘ಸಜೆಸ್ಟ್ಸ್’ ಎಂದರೆ ‘ಹೀಗಿರಬಹುದು ಎಂಬ ಸೂಚನೆ ಇದೆ’ ಎಂದಷ್ಟೇ. ‘ಡೆಮಾನ್‌ಸ್ಟ್ರೇಟ್ಸ್’ ಎಂದರೆ ‘ತೋರಿಸಿಕೊಟ್ಟಿದೆ’. ‘ಮೇ’ ಎಂದರೆ ‘ಆಗಬಹುದು, ಆಗದೆಯೂ ಇರಬಹುದು’. ‘ಕೋರಿಲೇಟೆಡ್’ ಎಂದರೆ ಎರಡೂ ಜೊತೆಜೊತೆಗೆ ಏರಿಳಿಯುತ್ತವೆ ಎಂದರ್ಥ. ಒಂದರಿಂದ ಇನ್ನೊಂದು ಆಯಿತು ಎಂದಲ್ಲ. ವರದಿ ಬರೆಯುವಾಗ ಈ ಪದಗಳನ್ನು ನುಂಗಿಬಿಟ್ಟರೆ ಲೇಖಕರು ಹೇಳದ ಮಾತನ್ನು ಅವರ ಬಾಯಿಗೆ ತುರುಕಿದಂತೆ.

ಹಾಗೆಯೇ ‘ಆ್ಯಕ್ಯುರೆಸಿ’ ಎಂಬ ಪದ. ನೂರು ಎಲೆಗಳಲ್ಲಿ 95 ಆರೋಗ್ಯವಾಗಿವೆ, 5ಕ್ಕೆ ರೋಗವಿದೆ ಎಂದುಕೊಳ್ಳಿ. ಏನನ್ನೂ ನೋಡದೆ ಎಲ್ಲಕ್ಕೂ ‘ಆರೋಗ್ಯ’ ಎಂದು ಹೇಳುವ ಪ್ರೋಗ್ರಾಂ ಬರೆದರೂ ನಿಖರತೆ ಶೇ 95! ರೋಗದ ಎಲೆ ಒಂದೂ ಸಿಕ್ಕಿಲ್ಲ. ಹಾಗಾಗಿ ‘ರೋಗವಿದ್ದ ಎಲೆಗಳಲ್ಲಿ ಎಷ್ಟನ್ನು ಹಿಡಿಯಿತು?’ ಎಂದು ಕೇಳಬೇಕು. ಅದರ ಹೆಸರೇ ‘ರೀಕಾಲ್’. ‘ರೋಗ ಎಂದು ಹೇಳಿದ್ದರಲ್ಲಿ ಎಷ್ಟು ನಿಜ?’ ಎಂಬುದು ‘ಪ್ರಿಸಿಷನ್’. ಹೀಗೆ ಹೇಳಿದರೆ ಕನ್ನಡ ಮಾಧ್ಯಮದವರಿಗೆ ಅರ್ಥವಾಗದ್ದು ಇದರಲ್ಲಿ ಏನಿದೆ?

ನಾನು ವಿದ್ಯಾರ್ಥಿಗಳಿಗೆ ಕೊಡುವ ಪರೀಕ್ಷೆ ಒಂದೇ. ಓದಿದ ಪ್ರಬಂಧವನ್ನು ಐದು ಸಾಲಿನ ಕನ್ನಡದಲ್ಲಿ, ಮನೆಯವರಿಗೆ ಅರ್ಥವಾಗುವಂತೆ ಬರೆಯಿರಿ. ಇಂಗ್ಲಿಷಿನಲ್ಲಿ ಬರೆಯಲು ಹೇಳಿದರೆ ಸಾರಾಂಶದ ಸಾಲುಗಳೇ ಹಿಂದುಮುಂದಾಗಿ ಬರುತ್ತವೆ. ಕನ್ನಡದಲ್ಲಿ ಬರೆಯುವಾಗ ಆ ತಪ್ಪಿಸಿಕೊಳ್ಳುವ ದಾರಿ ಮುಚ್ಚುತ್ತದೆ. ಅರ್ಥವಾದದ್ದು ಮಾತ್ರ ಕನ್ನಡಕ್ಕೆ ಬರುತ್ತದೆ. ಅರ್ಥವಾಗದ್ದು ಎಲ್ಲಿ ಎಂಬುದು ಬರೆಯುತ್ತಿರುವವರಿಗೇ ಗೊತ್ತಾಗುತ್ತದೆ.

ನಮ್ಮ ನೆಲದ ಲಿಥಿಯಂ

2020ರ ಫೆಬ್ರುವರಿಯಲ್ಲಿ ಮಂಡ್ಯ ಎಲ್ಲ ಕಡೆ ಸುದ್ದಿಯಾಗಿತ್ತು. ‘ಮಂಡ್ಯದಲ್ಲಿ 14,100 ಟನ್ ಲಿಥಿಯಂ’ ಎಂಬ ಸುದ್ದಿ. ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಗೆ ಬೇಕಾದ ಲೋಹ ನಮ್ಮ ಕಾಲಡಿಯಲ್ಲೇ ಇದೆ ಎಂದರೆ ಯಾರಿಗೆ ಖುಷಿಯಾಗದು? ‘ಕರೆಂಟ್ ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾಗಲಿದ್ದ ಪ್ರಬಂಧವೊಂದನ್ನು ಆಧರಿಸಿದ ಸುದ್ದಿ ಅದು.

ಮರು ವರ್ಷ, ಪರಮಾಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಸಮೀಕ್ಷೆಯ ವಿವರವನ್ನು ಕೇಂದ್ರ ಸರ್ಕಾರ ಸಂಸತ್ತಿಗೆ ನೀಡಿತು. ಮರಳಗಾಲ–ಅಲ್ಲಾಪಟ್ಟಣ ಭಾಗದಲ್ಲಿ 1,600 ಟನ್ ಲಿಥಿಯಂ ಸಂಪನ್ಮೂಲ. ಅದೂ ‘ಇನ್‌ಫರ್ಡ್’ ದರ್ಜೆಯದ್ದು. 14,100 ಎಲ್ಲಿ, 1,600 ಎಲ್ಲಿ! ‘ಯಾರೋ ಸುಳ್ಳು ಹೇಳಿದ್ದಾರೆ’ ಎಂದು ತೀರ್ಮಾನಿಸುವವರಿದ್ದಾರೆ. ಆದರೆ ಪ್ರಬಂಧ ಓದಲು ಕಲಿತವರು ಮೊದಲು ಕೇಳುವುದು ಬೇರೆಯದನ್ನು.

ಮೊದಲ ಪ್ರಶ್ನೆ, ಸಂಖ್ಯೆ ಎಲ್ಲಿಂದ ಬಂತು? 2020ರ ಸುದ್ದಿಯ ಒಳಗೇ ಲೆಕ್ಕವಿತ್ತು. ಅರ್ಧ ಕಿಲೊಮೀಟರ್ ಅಗಲ, 5 ಕಿಲೊಮೀಟರ್ ಉದ್ದದ ಪ್ರದೇಶದಲ್ಲಿ 30,300 ಟನ್ ಲಿಥಿಯಂ ಆಕ್ಸೈಡ್ ಇರಬಹುದೆಂಬ ಅಂದಾಜು. ಅದರಿಂದ ಲೋಹದ ಲೆಕ್ಕ 14,100 ಟನ್. ಇದನ್ನು ಪಿಯುಸಿ ರಸಾಯನಶಾಸ್ತ್ರ ಗೊತ್ತಿರುವ ಯಾರೂ ತಾಳೆ ನೋಡಬಹುದು. ಲಿಥಿಯಂ ಪರಮಾಣು ತೂಕ ಸುಮಾರು 7, ಆಮ್ಲಜನಕದ್ದು 16. ಆಕ್ಸೈಡಿನಲ್ಲಿ ಎರಡು ಲಿಥಿಯಂ, ಒಂದು ಆಮ್ಲಜನಕ. ಒಟ್ಟು 30ರಲ್ಲಿ ಲಿಥಿಯಂ ಪಾಲು 14. ಅಂದರೆ 30,300ನ್ನು 14ರಿಂದ ಗುಣಿಸಿ 30ರಿಂದ ಭಾಗಿಸಿದರೆ 14,140. ಲೆಕ್ಕ ಸರಿ ಇದೆ. ಹಾಗಾದರೆ ಗುಟ್ಟು ಇರುವುದು ಗುಣಾಕಾರದಲ್ಲಲ್ಲ, 30,300 ಎಂಬ ಅಂದಾಜಿನಲ್ಲಿ.

ಎರಡನೇ ಪ್ರಶ್ನೆ, ಎಷ್ಟು ಅಗೆದು ನೋಡಿದ್ದಾರೆ? ನಿರ್ದೇಶನಾಲಯದ ಉತ್ತರದಲ್ಲಿ ಮೇಲ್ಮೈ ಸಮೀಕ್ಷೆ ಮತ್ತು ಸೀಮಿತ ಭೂಗರ್ಭ ಶೋಧ ಎಂದಿತ್ತು. ಮೂರನೇ ಪ್ರಶ್ನೆ, ‘ಇನ್‌ಫರ್ಡ್’ ಎಂದರೇನು? ಸೀಮಿತ ಮಾದರಿಗಳಿಂದ ಊಹಿಸಿದ, ಹೆಚ್ಚು ಖಚಿತತೆಯಿಲ್ಲದ ದರ್ಜೆ ಅದು. ಗಣಿ ತೋಡಿ ಲಾಭ ಮಾಡಬಹುದಾದ ನಿಕ್ಷೇಪ ಎಂದು ಅರ್ಥವಲ್ಲ. ಅಂದಾಜು, ಸಂಪನ್ಮೂಲ, ನಿಕ್ಷೇಪ ಈ ಮೂರೂ ಬೇರೆ ಬೇರೆ. ಒಂದು ತಲೆಬರಹದಲ್ಲಿ ಮೂರೂ ಒಂದೇ ಆಗಿ ಕಾಣುತ್ತವೆ. ಜಮೀನಿನ ಬೆಲೆಯಿಂದ ಹಿಡಿದು ಊರಿನ ಕನಸುಗಳವರೆಗೆ ಎಲ್ಲವೂ ಇಂಥ ಸಂಖ್ಯೆಗಳ ಮೇಲೆ ಏರಿಳಿಯುವಾಗ, ಊರಿನಲ್ಲಿ ಒಬ್ಬ ಎಂಜಿನಿಯರಾದರೂ ಈ ವ್ಯತ್ಯಾಸ ಹೇಳುವಂತಿರಬೇಕು.

ಎಲ್ಲಿ ಸಿಗುತ್ತವೆ, ಯಾವುದನ್ನು ನಂಬುವುದು?

ದುಡ್ಡು ಕೊಡದೆ ಪ್ರಬಂಧ ಸಿಗುವುದಿಲ್ಲ ಎಂಬುದು ಅರ್ಧ ಸತ್ಯ ಮಾತ್ರ. ಕಂಪ್ಯೂಟರ್, ಗಣಿತ, ಭೌತಶಾಸ್ತ್ರದವರಿಗೆ 1991ರಲ್ಲಿ ಶುರುವಾದ ‘ಆರ್ಕೈವ್’ ಜಾಲತಾಣ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯನ್ನು 1934ರಲ್ಲಿ ಕಟ್ಟಿದವರು ಸರ್ ಸಿ.ವಿ. ರಾಮನ್. ಎಂಜಿನಿಯರಿಂಗ್ ವಿಷಯಗಳಿಗೆಂದೇ ಇರುವ ಅದರ ‘ಸಾಧನಾ’ ನಿಯತಕಾಲಿಕವೂ ವಿದ್ಯಾರ್ಥಿಗಳಿಗೆಂದೇ ಇರುವ ‘ರೆಸೊನೆನ್ಸ್’ ಕೂಡ ಅಕಾಡೆಮಿಯ ಜಾಲತಾಣದಲ್ಲಿ ಸಿಗುತ್ತವೆ. ಹೊಸಬರು ‘ರೆಸೊನೆನ್ಸ್’ನಿಂದ ಶುರು ಮಾಡಿದರೆ ಮೆಟ್ಟಿಲು ಸಣ್ಣದಾಗುತ್ತದೆ. ದೇಶದ ಪಿಎಚ್‌.ಡಿ ಪ್ರಬಂಧಗಳಿಗೆ ‘ಶೋಧಗಂಗಾ’ ಇದೆ. ವಿಟಿಯು ಕಾಲೇಜುಗಳಿಗೆ ವಿಟಿಯು ಕನ್ಸೋರ್ಷಿಯಂ ಮೂಲಕ ಇ–ಸಂಪನ್ಮೂಲಗಳು ದೊರೆಯುತ್ತವೆ. ಕಾಲೇಜಿನ ಗ್ರಂಥಪಾಲಕರನ್ನು ಕೇಳಿ ಲಾಗಿನ್ ಪಡೆಯಿರಿ.

ಇದರ ಜೊತೆಗೆ ಕೇಂದ್ರದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2024ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ ₹6,000 ಕೋಟಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆಯುತ್ತವೆ. ಕೆ.ಆರ್. ಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದುವವರು ತಮ್ಮ ಗ್ರಂಥಾಲಯದಲ್ಲಿ ಇದರ ಬಗ್ಗೆ ವಿಚಾರಿಸಬೇಕು. ಖಾಸಗಿ ಕಾಲೇಜಿನವರು ನಿರಾಶರಾಗಬೇಕಿಲ್ಲ. ಪ್ರಬಂಧದ ಲೇಖಕರಿಗೆ ಎರಡು ಸಾಲಿನ ವಿನಯದ ಇಮೇಲ್ ಬರೆದು ಪ್ರತಿ ಕೇಳಿ. ಓದುವವರು ಸಿಕ್ಕರೆಂದು ಸಂತೋಷದಿಂದ ಕಳುಹಿಸುವವರು ಬಹಳ ಮಂದಿ ಇದ್ದಾರೆ.

ಇನ್ನು ಕಳಪೆ ಸರಕಿನ ವಿಚಾರ. ‘ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಶುಲ್ಕ ಕಟ್ಟಿ’ ಎನ್ನುವ ನಿಯತಕಾಲಿಕಗಳ ಸಂದೇಶ ನಿಮ್ಮ ಇನ್‌ಬಾಕ್ಸಿಗೂ ಬಂದಿರುತ್ತದೆ. ವಿಷಯ ಬಲ್ಲವರು ಪರಿಶೀಲಿಸದೆ ಅಚ್ಚಾದದ್ದು ಬೇಸ್ ಪೇಪರ್ ಆಗಲಾರದು. ಇನ್ನೊಂದು ತಮಾಷೆಯ ಗುರುತೂ ಇದೆ. 2021ರಲ್ಲಿ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು ವಿಚಿತ್ರ ನುಡಿಗಟ್ಟುಗಳ ಬಗ್ಗೆ ಬರೆದರು. ಕದ್ದ ಬರಹ ಸಿಕ್ಕಿಬೀಳದಿರಲೆಂದು ತಂತ್ರಾಂಶದಿಂದ ಪದ ಬದಲಿಸುತ್ತಾರೆ. ಆಗ ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಹೋಗಿ ‘ಕೌಂಟರ್‌ಫೀಟ್ ಕಾನ್ಷಸ್‌ನೆಸ್’ ಆಗುತ್ತದೆ! ಕೃತಕ ಬುದ್ಧಿಮತ್ತೆಯನ್ನು ‘ಖೋಟಾ ಪ್ರಜ್ಞೆ’ ಎಂದಂತೆ. ಇಂಥ ಪದ ಕಂಡರೆ ಆ ಪಿಡಿಎಫ್ ಮುಚ್ಚಿಬಿಡಿ.

ಚಾಟ್‌ಬಾಟ್‌ಗಳ ಮಾತೂ ಬರಲೇಬೇಕು. ಅರ್ಥವಾಗದ ಪ್ಯಾರಾವನ್ನು ಸರಳವಾಗಿ ವಿವರಿಸು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಇಡೀ ಪ್ರಬಂಧದ ಸಾರವನ್ನು ಅದರಿಂದಲೇ ಬರೆಸಿಕೊಂಡರೆ ಶೇ 99 ಬಂದು ಶೇ 31 ತಪ್ಪಿಹೋಗಬಹುದು. ಅಸ್ತಿತ್ವದಲ್ಲೇ ಇಲ್ಲದ ಪ್ರಬಂಧಗಳ ಹೆಸರನ್ನೂ ಅವು ಗಂಭೀರವಾಗಿ ಹೇಳುವುದುಂಟು. ಪ್ರತಿ ಉಲ್ಲೇಖವನ್ನೂ ಅದರ ಡಿಒಐ ಸಂಖ್ಯೆ ಹಾಕಿ ತೆರೆದು ನೋಡದೆ ವರದಿಗೆ ಸೇರಿಸಬೇಡಿ.

ಇದು ನಮಗೆ ಹೊಸದಲ್ಲ

‘ಸಂಶೋಧನೆ ಎಲ್ಲ ಐಐಎಸ್‌ಸಿ, ಐಐಟಿಯವರಿಗೆ. ನಾವು ಹಳ್ಳಿ ಕಡೆಯವರು’ ಎಂಬ ಮಾತನ್ನು ಮಂಡ್ಯದಲ್ಲಿ ನಿಂತು ಹೇಳುವುದು ಸರಿಯಲ್ಲ. ಊರ ಪಕ್ಕದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಅವರು ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಬೆಸೆದು ‘ಇಂಡಾಫ್’ ತಳಿಗಳನ್ನು ತಂದರು. ಇಂಡಿಯಾ ಮತ್ತು ಆಫ್ರಿಕಾ ಸೇರಿದ ಹೆಸರು ಅದು. ಬೇರೆ ಖಂಡದ ರಾಗಿಯಲ್ಲಿ ಏನಿದೆ ಎಂದು ತಿಳಿಯುವ ಹಂಬಲ ಇಲ್ಲದಿದ್ದರೆ ಆ ಬೆಸುಗೆ ಆಗುತ್ತಿರಲಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೊಮೀಟರ್ ದೂರದ ಆ ಸಾಗಾಟ ಅಂದಿಗೆ ಜಗತ್ತಿನಲ್ಲೇ ಅಪರೂಪ. ಬೇರೆಯವರು ಹೇಗೆ ಮಾಡಿದ್ದಾರೆಂದು ತಿಳಿಯಲು ಯೋಜನೆಯ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಹಡಗು ಹತ್ತಿ ವಿದೇಶಗಳಿಗೆ ಹೋಗಬೇಕಾಯಿತು. ಇಂದು ಅದೇ ಕೆಲಸಕ್ಕೆ ಮದ್ದೂರಿನಿಂದ ಮಂಡ್ಯಕ್ಕೆ ಬರುವ ರೈಲಿನಲ್ಲಿ ಕೂತು ಮೊಬೈಲ್ ತೆರೆದರೆ ಸಾಕು. ಆದರೆ ತೆರೆದದ್ದನ್ನು ಓದಲು ಬರಬೇಕು.

ಕೆ.ವಿ. ಶಂಕರಗೌಡರು 1962ರಲ್ಲಿ ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಕಟ್ಟಿದ್ದು ಹಳ್ಳಿಯ ಮಕ್ಕಳೂ ಎಂಜಿನಿಯರ್ ಆಗಲೆಂದು. ಇಂದು ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲೂ ಎಂಜಿನಿಯರಿಂಗ್ ಕಾಲೇಜಿದೆ. ಸೀಟು ಹತ್ತಿರ ಬಂದಿದೆ. ಈಗ ಹತ್ತಿರ ಬರಬೇಕಾದದ್ದು ಈ ಬಗೆಯ ಓದು.

ಕೆಲಸ ಹುಡುಕುವವರಿಗೆ ಏನು ಲಾಭ?

ಸಂದರ್ಶನದಲ್ಲಿ ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂಬ ಪ್ರಶ್ನೆ ತಪ್ಪಿದ್ದಲ್ಲ. ಎಲ್ಲರೂ ಮಾಡಿದ್ದನ್ನು ಹೇಳುತ್ತಾರೆ. ‘ಈ ವಿಧಾನ ಎಲ್ಲಿ ಸೋಲುತ್ತದೆ?’ ಎಂದು ಮರುಪ್ರಶ್ನೆ ಬಂದಾಗ ಮಾತ್ರ ಓದಿದವರು ಯಾರು, ಅಂಟಿಸಿದವರು ಯಾರು ಎಂಬುದು ಬಯಲಾಗುತ್ತದೆ. ಕೆಲಸ ಸಿಕ್ಕ ಮೇಲೂ ಕೈಗೆ ಬರುವುದು ಯಂತ್ರದ ತಾಂತ್ರಿಕ ಕೈಪಿಡಿ, ಗುಣಮಟ್ಟದ ಮಾನದಂಡ, ಪರೀಕ್ಷಾ ವರದಿ. ಅವನ್ನೂ ಹೀಗೆಯೇ ಓದಬೇಕು: ಯಾವ ಸ್ಥಿತಿಯಲ್ಲಿ ಅಳೆದದ್ದು, ಎಷ್ಟು ಸಲ ಅಳೆದದ್ದು, ಏನನ್ನು ಹೇಳಿಲ್ಲ? ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಪ್ರತಿ ವರ್ಷ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತದೆ. ಅರ್ಜಿಯಲ್ಲಿ ‘ಈವರೆಗೆ ಆಗಿರುವುದು ಇಷ್ಟು, ಆಗದಿರುವುದು ಇದು’ ಎಂದು ನಿಖರವಾಗಿ ಬರೆಯಬಲ್ಲ ತಂಡದ ಮಾತಿಗೆ ತೂಕ ಹೆಚ್ಚು.

ಶುರು ಮಾಡುವುದು ಕಷ್ಟವಲ್ಲ. ನಾಲ್ಕು ಜನ ಸೇರಿ. ವಾರಕ್ಕೆ ಒಂದೇ ಪ್ರಬಂಧ, ಒಂದೇ ಗಂಟೆ. ಒಬ್ಬರು ಸಮಸ್ಯೆ ಏನೆಂದು ಹೇಳಲಿ, ಒಬ್ಬರು ವಿಧಾನದ ಚಿತ್ರ ಬರೆಯಲಿ, ಒಬ್ಬರು ಒಂದೇ ಒಂದು ಗ್ರಾಫನ್ನು ವಿವರಿಸಲಿ, ನಾಲ್ಕನೆಯವರು ಬರೀ ಅನುಮಾನ ಪಡಲಿ. ಆ ನಾಲ್ಕನೇ ಪಾತ್ರ ಪ್ರತಿ ವಾರ ಬದಲಾಗಬೇಕು. ಅನುಮಾನ ಪಡುವುದು ನಮ್ಮ ತರಗತಿಗಳಲ್ಲಿ ಅಷ್ಟಾಗಿ ಅಭ್ಯಾಸವಿಲ್ಲದ ಕೆಲಸ. ಅಧ್ಯಾಪಕರು ಜೊತೆಗೆ ಕೂತರೆ ಒಳ್ಳೆಯದು, ‘ನನಗೂ ಈ ಸೂತ್ರ ಗೊತ್ತಿಲ್ಲ, ನೋಡೋಣ ಬನ್ನಿ’ ಎಂದರೆ ಇನ್ನೂ ಒಳ್ಳೆಯದು. ಒಂದು ಸೆಮಿಸ್ಟರಿಗೆ ಹನ್ನೆರಡು ಪ್ರಬಂಧಗಳಾದರೂ ಆಗುತ್ತವೆ. ಮುಂದಿನ ವರ್ಷ ಗೈಡ್ ‘ಬೇಸ್ ಪೇಪರ್ ಯಾವುದು?’ ಎಂದು ಕೇಳಿದಾಗ ಹೆಸರಿನ ಜೊತೆಗೆ, ಅದರಲ್ಲಿ ಏನು ಸಾಲದು ಎಂಬುದನ್ನೂ ನೀವು ಹೇಳಬಲ್ಲಿರಿ. ನಿಮ್ಮ ಪ್ರಾಜೆಕ್ಟ್ ಶುರುವಾಗುವುದು ಅಲ್ಲಿಂದ.